ಹ್ಯಾಂಡ್ ಬ್ರೇಕ್ ಇಳಿಸಿದ ಮೇಲೂ ಹಿಂದಿನ ಎಡ ಚಕ್ರದಿಂದ ಕೀಂಯ್ ಶಬ್ದ. ಲೈನರ್ ಹೋಯ್ತಾ, ಕೇಬಲ್ಲಾ?

ತೀರ್ಥಹಳ್ಳಿ_ಕಡೆಯವ

ಎಲ್ಲರಿಗೂ ನಮಸ್ಕಾರ. ನನ್ನದು 2016ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್ ಬ್ರೇಕ್. 70 ಸಾವಿರ ಕಿ.ಮೀ. ದಾಟಿದೆ. ಮನೆ ಇರುವುದು ಊರಿಂದ ಸ್ವಲ್ಪ ಒಳಗೆ. ಅಂಗಳ ಪೂರ್ತಿ ಇಳಿಜಾರು, ಹಾಗಾಗಿ ಹ್ಯಾಂಡ್ ಬ್ರೇಕ್ ಎಳೆಯದೆ ಕಾರು ನಿಲ್ಲಿಸುವ ಮಾತೇ ಇಲ್ಲ. ಮಳೆಗಾಲ ಪೂರ್ತಿ ಹಾಗೇ ನಿಂತಿರುತ್ತದೆ.

ಈ ಸಲ ಮಳೆ ಕಡಿಮೆಯಾದ ಮೇಲೆ ಶುರುವಾಯ್ತು ನೋಡಿ. ಬೆಳಿಗ್ಗೆ ಹ್ಯಾಂಡ್ ಬ್ರೇಕ್ ಇಳಿಸಿ ಹೊರಟರೆ ಮೊದಲು ಹಿಂದಿನಿಂದ 'ಟಕ್' ಅಂತ ಒಂದು ಶಬ್ದ. ಆಮೇಲೆ ಎಡಗಡೆಯಿಂದ ಕೀಂಯ್... ಕೀಂಯ್... ಅಂತ ಚಕ್ರದ ಜೊತೆಗೇ ಬರುತ್ತದೆ. ನಿಧಾನಕ್ಕೆ ಹೋದರೆ ನಿಧಾನ, ಜೋರು ಹೋದರೆ ಜೋರು. ಬ್ರೇಕ್ ಪೆಡಲ್ ಮೇಲೆ ಸುಮ್ನೆ ಕಾಲಿಟ್ಟರೂ ಸಾಕು, ನಿಂತುಬಿಡುತ್ತದೆ. ಕಾಲು ತೆಗೆದರೆ ಮತ್ತೆ ಶುರು. ಪೇಟೆಯಲ್ಲಿ ಜನ ತಿರುಗಿ ನೋಡುವಷ್ಟು ಜೋರು.

ಇಲ್ಲೇ ಒಂದು ಗ್ಯಾರೇಜಲ್ಲಿ ತೋರಿಸಿದೆ. ಅವರು ಹ್ಯಾಂಡ್ ಬ್ರೇಕ್ ಲಿವರ್ ಹತ್ತಿರ ಏನೋ ನಟ್ ತಿರುಗಿಸಿ, "ಕೇಬಲ್ ಲೂಸ್ ಆಗಿತ್ತು, ಟೈಟ್ ಮಾಡಿದ್ದೇನೆ" ಅಂದರು. ಹ್ಯಾಂಡ್ ಬ್ರೇಕ್ ಈಗ ಎರಡೇ ಕಟಕಟಕ್ಕೆ ಹಿಡಿಯುತ್ತದೆ. ಆದರೆ ಶಬ್ದ ಹೋಗಲಿಲ್ಲ, ಜಾಸ್ತಿಯೇ ಆಯ್ತು. ಮೈಲೇಜ್ ಕೂಡ ಬಿದ್ದ ಹಾಗಿದೆ. ಶಿವಮೊಗ್ಗದ ಒಂದು ಸರ್ವೀಸ್ ಸೆಂಟರಿನಲ್ಲಿ ಕೇಳಿದರೆ ಎರಡೂ ಡ್ರಮ್, ನಾಲ್ಕೂ ಶೂ, ವೀಲ್ ಸಿಲಿಂಡರ್, ಸ್ಪ್ರಿಂಗ್ ಕಿಟ್ ಎಲ್ಲಾ ಬದಲಾಯಿಸಬೇಕು ಅಂತ ಎಸ್ಟಿಮೇಟ್ ಕೊಟ್ಟರು. ಅವರು ಚಕ್ರ ಬಿಚ್ಚಿ ನೋಡಲೇ ಇಲ್ಲ.

ಕೈಗೆ ಗ್ರೀಸ್ ಹತ್ತುತ್ತದೆ ಅಂತ ನನಗೇನೂ ಬೇಜಾರಿಲ್ಲ. ಮನೆಯಲ್ಲಿ ಜಾಕ್, ಸ್ಪ್ಯಾನರ್ ಸೆಟ್ ಇದೆ. ಎಲ್ಲಿಂದ ಶುರು ಮಾಡಲಿ? ಮುಂದಿನ ವಾರ ಆಗುಂಬೆ ಇಳಿದು ಉಡುಪಿಗೆ ಹೋಗುವುದಿದೆ.

ಚಹಾಬ್ರೇಕ್

ಗುರು, ನನ್ನ ಕಾರಲ್ಲೂ ಹೀಗೇ ಆಗಿತ್ತು. ವಾಟರ್ ಸರ್ವೀಸ್ ಮಾಡಿಸುವಾಗ ಹಿಂದಿನ ಚಕ್ರದ ಒಳಗೆ ಪ್ರೆಶರ್ ನೀರು ಚೆನ್ನಾಗಿ ಬಿಡಿಸಿ. ಧೂಳು ಹೋದರೆ ಶಬ್ದವೂ ಹೋಗುತ್ತದೆ. ಇಲ್ಲದಿದ್ದರೆ ಡಬ್ಲ್ಯೂಡಿ-40 ಸ್ಪ್ರೇ ಎಣ್ಣೆ ಹೊಡೆಯಿರಿ.

ಹಳೇ_ಪಾನಾ

ಮೇಲಿನವರ ಮಾತಲ್ಲಿ ಎರಡನೆಯದನ್ನು ದಯವಿಟ್ಟು ಮಾಡಬೇಡಿ. ಡ್ರಮ್ ಒಳಗೆ ಎಣ್ಣೆ ಅನ್ನುವಂಥದ್ದು ಏನೇ ಹೋದರೂ ಲೈನರ್ (ಡ್ರಮ್ಮಿಗೆ ಉಜ್ಜಿ ಬ್ರೇಕ್ ಹಿಡಿಸುವ ಪದರ) ಅದನ್ನು ಕುಡಿದುಬಿಡುತ್ತದೆ. ಶಬ್ದ ನಿಲ್ಲುತ್ತದೆ ನಿಜ, ಜೊತೆಗೆ ಬ್ರೇಕೂ ನಿಲ್ಲುತ್ತದೆ. ಒಂದು ಕಡೆ ಎಣ್ಣೆಯಾಗಿ ಇನ್ನೊಂದು ಕಡೆ ಒಣಗಿದ್ದರೆ ಮಳೆಯಲ್ಲಿ ಬ್ರೇಕ್ ಹೊಡೆದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಪ್ರೆಶರ್ ನೀರಿನದೂ ಅಷ್ಟೇ. ಹೊರಗಿನ ಕೆಸರು ಹೋಗಬಹುದು. ಮುಚ್ಚಿದ ಡ್ರಮ್ ಒಳಗಿನ ಧೂಳಿಗೆ ಅದು ತಲುಪುವುದೂ ಕಡಿಮೆ, ತಲುಪಿದರೆ ತುಕ್ಕಿಗೆ ದಾರಿ.

ತೀರ್ಥಹಳ್ಳಿಯವರೇ, ನಾನು ಸಾಗರದ ಕಡೆ ಗ್ಯಾರೇಜ್ ಇಟ್ಟುಕೊಂಡವನು. ನೀವು ಹೇಳಿದ್ದು ಮಲೆನಾಡಿನಲ್ಲಿ ವರ್ಷಾ ವರ್ಷ ಬರುವ ಕೇಸು. ಸೆಪ್ಟೆಂಬರ್ ಬಂತೆಂದರೆ ಇಂಥವೇ ಸಾಲಾಗಿ ನಿಂತಿರುತ್ತವೆ. ಮೊದಲು ಒಂದು ಮಾತು: ಹ್ಯಾಂಡ್ ಬ್ರೇಕ್ ಕಂಪ್ಲೇಂಟ್ ಅಂದ ಕೂಡಲೇ ಕೇಬಲ್ ನಟ್ ಮೇಲೆ ಕೈ ಹಾಕುವ ಮೇಸ್ತ್ರಿ ಕಂಡರೆ ನನಗೆ ಸಿಟ್ಟು. ಕೇಬಲ್ ಅಡ್ಜಸ್ಟ್ ಮಾಡುವುದು ಕೊನೆಯ ಕೆಲಸ. ಅದನ್ನೇ ಮೊದಲು ಮಾಡಿದರೆ ಏನಾಗುತ್ತದೆ ಹೇಳುತ್ತೇನೆ.

ಚಕ್ರದ ಜೊತೆ ತಿರುಗುವ ಡ್ರಮ್ ಒಳಗೆ ಎರಡು ಶೂ, ಅಂದರೆ ಲೈನರ್ ಅಂಟಿಸಿದ ಬಾಗಿದ ಕಬ್ಬಿಣದ ತುಂಡುಗಳು ಇರುತ್ತವೆ, ಅಲ್ವಾ? ಅದರಲ್ಲಿ ಹಿಂಭಾಗದ ಶೂಗೆ ಒಂದು ಸಣ್ಣ ಲಿವರ್ ಕೂತಿರುತ್ತದೆ. ಹ್ಯಾಂಡ್ ಬ್ರೇಕ್ ಕೇಬಲ್ ಬಂದು ಸಿಕ್ಕುವುದು ಅದಕ್ಕೇ. ನೀವು ಎಳೆದಾಗ ಆ ಲಿವರ್ ನಡುವಿನ ಪಟ್ಟಿಯನ್ನು ಒತ್ತಿ ಎರಡೂ ಶೂಗಳನ್ನು ಹೊರಗೆ ತಳ್ಳುತ್ತದೆ. ಇಳಿಸಿದಾಗ ಅದು ಪೂರ್ತಿ ಹಿಂದಕ್ಕೆ ಬಂದು ತನ್ನ ತಡೆಗೆ ತಾಗಿ ಕೂರಬೇಕು. ತಾಗಿ ಕೂತರೆ ಮಾತ್ರ ಶೂಗಳು ಒಳಗೆ ಬಂದವು ಅಂತ ಅರ್ಥ. ಸಾಮಾನ್ಯವಾಗಿ ಅದೇ ಪಟ್ಟಿಯ ಮೇಲೆ ಆಟೋ ಅಡ್ಜಸ್ಟರ್ ಕೂಡ ಇರುತ್ತದೆ. ಲೈನರ್ ಸವೆದಷ್ಟೂ ಪಟ್ಟಿಯನ್ನು ಉದ್ದ ಮಾಡಿ ಶೂಗಳನ್ನು ಡ್ರಮ್ಮಿಗೆ ಹತ್ತಿರ ಇಡುವುದು ಅದರ ಕೆಲಸ. ಕೇಬಲ್ ಬಿಗಿ ಮಾಡಿ ಲಿವರನ್ನು ಅರ್ಧ ಎಳೆದೇ ಇಟ್ಟರೆ ಅಡ್ಜಸ್ಟರಿಗೆ ಲೆಕ್ಕ ತಪ್ಪುತ್ತದೆ. ಅತ್ತ ಶೂ ಒಂದು ಕಡೆ ತಾಗಿಕೊಂಡೇ ಇರುತ್ತದೆ, ಇತ್ತ ಪೆಡಲ್ ಕೆಳಗೆ ಹೋಗುತ್ತಾ ಬರುತ್ತದೆ. ನಿಮ್ಮ ಎರಡು ಕಟಕಟ, ಬಿದ್ದ ಮೈಲೇಜು, ಜಾಸ್ತಿಯಾದ ಶಬ್ದ ಮೂರಕ್ಕೂ ಇದೇ ಕಾರಣ ಇರಬಹುದು ಅಂತ ನನ್ನ ಅನುಮಾನ.

ಶಬ್ದ ಯಾಕೆ ಬರುತ್ತದೆ ಅಂದರೆ, ಗಟ್ಟಿಯಾಗಿ ಒತ್ತಿದ ಶೂ ಕೂಗುವುದು ಕಡಿಮೆ. ಅರೆಬರೆ ತಾಗಿದ ಶೂ ಅಂಟಿ ಬಿಟ್ಟು ಅಂಟಿ ಬಿಟ್ಟು ನಡುಗುತ್ತದೆ, ಪಿಟೀಲಿನ ತಂತಿಯ ಮೇಲೆ ಕಮಾನು ಆಡಿದ ಹಾಗೆ. ಡ್ರಮ್ ಅದನ್ನು ದೊಡ್ಡದು ಮಾಡಿ ಕೇಳಿಸುತ್ತದೆ. ಪೆಡಲ್ ಒತ್ತಿದಾಗ ಶೂ ಬಿಗಿಯಾಗಿ ಕೂರುವುದರಿಂದ ನಿಲ್ಲುತ್ತದೆ. ನೀವು ಅದನ್ನು ಗಮನಿಸಿದ್ದು ಒಳ್ಳೆಯದಾಯ್ತು. ಬೇರಿಂಗ್ ಆಗಿದ್ದರೆ ಗುಂಯ್ ಅನ್ನುತ್ತಿತ್ತು, ತಿರುವಿನಲ್ಲಿ ಬದಲಾಗುತ್ತಿತ್ತು, ಪೆಡಲಿಗೆ ಕೇರ್ ಮಾಡುತ್ತಿರಲಿಲ್ಲ.

ಏನೂ ಬಿಚ್ಚುವ ಮೊದಲು ಇಷ್ಟು ನೋಡಿ ಬಂದು ಹೇಳಿ. ಒಂದಷ್ಟು ದೂರ ಆದಷ್ಟು ಬ್ರೇಕ್ ಬಳಸದೆ ಓಡಿಸಿ, ನಿಲ್ಲಿಸಿ, ಹಿಂದಿನ ಎರಡೂ ಚಕ್ರದ ಹತ್ತಿರ ಅಂಗೈ ಹಿಂಭಾಗ ಹಿಡಿಯಿರಿ. ಮುಟ್ಟಬೇಡಿ, ಸುಟ್ಟೀತು. ಎಡ ಬಲ ಬಿಸಿಯಲ್ಲಿ ವ್ಯತ್ಯಾಸ ಇದೆಯಾ? ಆಮೇಲೆ ಸಮತಟ್ಟಾದ ಜಾಗದಲ್ಲಿ, ಗೇರಿನಲ್ಲಿ ಹಾಕಿ, ಮುಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಕಲ್ಲು ಕೊಟ್ಟು ಹಿಂಭಾಗ ಎತ್ತಿ. ನಿಮ್ಮ ಅಂಗಳದ ಇಳಿಜಾರಿನಲ್ಲಿ ಖಂಡಿತಾ ಬೇಡ. ಬರೀ ಜಾಕ್ ಮೇಲೆ ನಂಬಿಕೆ ಇಡಬೇಡಿ, ಸ್ಟ್ಯಾಂಡ್ ಕೊಡಿ. ಹ್ಯಾಂಡ್ ಬ್ರೇಕ್ ಪೂರ್ತಿ ಇಳಿಸಿ ಎರಡೂ ಚಕ್ರ ಕೈಯಲ್ಲಿ ತಿರುಗಿಸಿ. ಎಡದ್ದು ಹಿಡಿಯುತ್ತಿದ್ದರೆ ಕಾರಿನೊಳಗೆ ಹ್ಯಾಂಡ್ ಬ್ರೇಕ್ ಲಿವರ್ ಹತ್ತಿರದ ಆ ನಟ್ ಪೂರ್ತಿ ಸಡಿಲ ಮಾಡಿ ಮತ್ತೆ ತಿರುಗಿಸಿ.

ಇದನ್ನು ಸರಿ ಮಾಡುವ ತನಕ ಆಗುಂಬೆ ಇಳಿಯಬೇಡಿ. 14 ಹೇರ್‌ಪಿನ್ ತಿರುವು. ಮೊದಲೇ ಉಜ್ಜಿ ಬಿಸಿಯಾದ ಡ್ರಮ್ ಇನ್ನೂ ಕಾದರೆ ಹಿಗ್ಗುತ್ತದೆ, ಪೆಡಲ್ ಇನ್ನಷ್ಟು ಕೆಳಗೆ ಹೋಗುತ್ತದೆ. ಬ್ರೇಕ್ ಆಯಿಲ್ ಹಳೆಯದಾಗಿ ನೀರು ಹೀರಿದ್ದರೆ ಕುದಿಯುವುದೂ ಉಂಟು.

ತೀರ್ಥಹಳ್ಳಿ_ಕಡೆಯವ

ಬಹಳ ಥ್ಯಾಂಕ್ಸ್ ಸರ್. ಡಬ್ಲ್ಯೂಡಿ ಬಾಟಲಿ ಕೈಯಲ್ಲೇ ಇತ್ತು, ವಾಪಸ್ ಇಟ್ಟೆ.

ನೋಡಿದೆ. ಬಲ ಚಕ್ರ ಉಗುರು ಬೆಚ್ಚಗೆ. ಎಡದ್ದರ ಹತ್ತಿರ ಕೈ ಹಿಡಿದರೆ ಹಾಟ್, ಒಂಥರಾ ಸುಟ್ಟ ವಾಸನೆ ಕೂಡ. ಎತ್ತಿ ತಿರುಗಿಸಿದಾಗ ಬಲ ಸಲೀಸಾಗಿ ಸುತ್ತಿತು, ಎಡ ಅರ್ಧ ಸುತ್ತಿಗೇ ನಿಂತಿತು. ಕನ್ಸೋಲ್ ಮುಚ್ಚಳ ತೆಗೆದು ನಟ್ ಸಡಿಲ ಮಾಡಿದ ಮೇಲೆ ಬಲ ಇನ್ನೂ ಸಲೀಸು. ಎಡ ಸ್ವಲ್ಪ ಸುಧಾರಿಸಿತು, ಆದರೆ ಬಿಡಲಿಲ್ಲ. ಇನ್ನೊಂದು ವಿಚಾರ: ಗಾಡಿ ನಿಂತಿದ್ದಾಗ ಹ್ಯಾಂಡ್ ಬ್ರೇಕ್ ಎಳೆದರೆ ಹಿಂದಿನಿಂದ ಕಿರ್ರ್ ಅಂತ ಹಳೇ ಬಾಗಿಲು ತೆಗೆದ ಹಾಗೆ ಕೇಳುತ್ತದೆ. ಓಡುವಾಗಿನ ಕೀಂಯ್ ಬೇರೆ, ಇದು ಬೇರೆ.

ಹಳೇ_ಪಾನಾ

ಹಾಗಾದರೆ ಎರಡು ತೊಂದರೆ ಇವೆ, ಅದೂ ಎರಡೂ ಎಡಗಡೆಗೇ.

ನಟ್ ಸಡಿಲ ಮಾಡಿದ ಮೇಲೂ ಬಿಡಲಿಲ್ಲ ಅಂದರೆ ಬರೀ ಅಡ್ಜಸ್ಟ್‌ಮೆಂಟಿನ ತಪ್ಪಲ್ಲ. ಎಡ ಕೇಬಲ್ ತನ್ನ ಕೊಳವೆಯೊಳಗೆ ತುಕ್ಕು ಹಿಡಿದು ಹಿಂದಕ್ಕೆ ಜಾರುತ್ತಿಲ್ಲ, ಅಥವಾ ಡ್ರಮ್ ಒಳಗೆ ಏನೋ ಸಿಕ್ಕಿಕೊಂಡಿದೆ. ಡ್ರಮ್ ಬಿಚ್ಚದೆ ಗೊತ್ತಾಗುವುದಿಲ್ಲ. ನಿಂತಾಗ ಬರುವ ಕಿರ್ರ್ ಮಾತ್ರ ಬಿಚ್ಚದೆಯೇ ಹೇಳುತ್ತೇನೆ, ಬ್ಯಾಕ್ ಪ್ಲೇಟಿನ ಮೇಲೆ ಶೂ ಜಾರುವ ಜಾಗ ಒಣಗಿದೆ.

ಈ ಜಾಗದ ಬಗ್ಗೆ ಸ್ವಲ್ಪ ಹೇಳಬೇಕು. ಬಹಳಷ್ಟು ಜನ ಹೊಸ ಶೂ ಹಾಕುತ್ತಾರೆ, ಇದನ್ನು ಮುಟ್ಟುವುದೇ ಇಲ್ಲ. ಆಮೇಲೆ "ಹೊಸ ಶೂ ಹಾಕಿದರೂ ಶಬ್ದ ಹೋಗಲಿಲ್ಲ" ಅಂತ ಬರುತ್ತಾರೆ. ಬ್ಯಾಕ್ ಪ್ಲೇಟ್ ಅಂದರೆ ಡ್ರಮ್ ಹಿಂದಿರುವ ಆ ತಗಡಿನ ತಟ್ಟೆ. ಅದರ ಮೇಲೆ ಒಂದೊಂದು ಶೂಗೆ ಮೂರರಂತೆ ಆರು ಕಡೆ ತಗಡು ಸ್ವಲ್ಪ ಉಬ್ಬಿರುತ್ತದೆ. ಶೂಗಳ ಅಂಚು ಕೂತು ಜಾರುವುದು ಆ ಉಬ್ಬುಗಳ ಮೇಲೇ. ಕಂಪನಿಯಿಂದ ಬಂದಾಗ ಅಲ್ಲಿ ಗ್ರೀಸ್ ಇರುತ್ತದೆ. ವರ್ಷ ಕಳೆದಂತೆ ಒಣಗುತ್ತದೆ, ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಉಬ್ಬಿನ ನಡುವೆ ಗೀರು ಬೀಳುತ್ತದೆ. ಶೂ ಆ ಗೀರಿಗೆ ಇಳಿದುಬಿಟ್ಟರೆ ಸ್ಪ್ರಿಂಗ್ ಎಷ್ಟು ಎಳೆದರೂ ಹಿಂದೆ ಬರುವುದಿಲ್ಲ. ಬೆರಳ ತುದಿ ಆಡಿಸಿದರೆ ಉಗುರಿಗೆ ತಡೆಯುವುದು ಗೊತ್ತಾಗುತ್ತದೆ.

ಬಿಚ್ಚುವಾಗ ನೆನಪಿಡಬೇಕಾದದ್ದು: ಒಂದೇ ಸಲ ಎರಡೂ ಕಡೆ ಬಿಚ್ಚಬೇಡಿ. ಬಲ ಹಾಗೇ ಇರಲಿ, ಜೋಡಿಸುವಾಗ ಅನುಮಾನ ಬಂದರೆ ಅದನ್ನು ಬಿಚ್ಚಿ ನೋಡಬಹುದು. ಅದು ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗು ಇರುತ್ತದೆ, ಅಷ್ಟೇ. ಒಂದೊಂದು ಸ್ಪ್ರಿಂಗ್ ತೆಗೆಯುವ ಮೊದಲೂ ಮೊಬೈಲಲ್ಲಿ ಫೋಟೊ ತೆಗೆಯಿರಿ. ಡ್ರಮ್ ಬಿಚ್ಚಿದ ಮೇಲೆ ಯಾರೂ ಬ್ರೇಕ್ ಪೆಡಲ್ ಮುಟ್ಟಬಾರದು, ಮಕ್ಕಳು ಕಾರಲ್ಲಿ ಕೂತು ಆಡುತ್ತಿದ್ದರೆ ಇಳಿಸಿ. ಒತ್ತಿದರೆ ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ಪಿಸ್ಟನ್ ಹೊರಗೆ ಹಾರುತ್ತದೆ.

ಡ್ರಮ್ ಬರಲಿಲ್ಲ ಅಂತ ಸುತ್ತಿಗೆ ತೆಗೆದುಕೊಂಡು ಅಂಚಿಗೆ ಹೊಡೆಯಬೇಡಿ, ಬೀಡು ಕಬ್ಬಿಣ ಒಡೆಯುತ್ತದೆ. ಡ್ರಮ್ ಮುಖದ ಮೇಲೆ ಮರೆ (ಬೋಲ್ಟ್ ತಿರುಗಿಸುವ ಗೆರೆ) ಇರುವ ಎರಡು ತೂತು ಇದ್ದರೆ ಅವಕ್ಕೆ ಬೋಲ್ಟ್ ಹಾಕಿ ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪ ಬಿಗಿ ಮಾಡಿ. ಸಾಧಾರಣವಾಗಿ 8 ಎಂ.ಎಂ. ಬೋಲ್ಟ್ ಹಿಡಿಯುತ್ತದೆ. ಡ್ರಮ್ ತಾನೇ ಹೊರಗೆ ಬರುತ್ತದೆ. ಆದರೂ ಬರದಿದ್ದರೆ ಡ್ರಮ್ ಒಳ ಅಂಚಿನಲ್ಲಿ ಏಣು ಬೆಳೆದು ಶೂಗಳನ್ನು ಹಿಡಿದಿದೆ ಅಂತ. ಬ್ಯಾಕ್ ಪ್ಲೇಟಿನ ಹಿಂದಿನ ರಬ್ಬರ್ ಬಿರಡೆ ತೆಗೆದು ಸ್ಕ್ರೂಡ್ರೈವರ್ ತೂರಿಸಿ ಅಡ್ಜಸ್ಟರ್ ಹಿಂದಕ್ಕೆ ತಿರುಗಿಸಬೇಕು. ಕೆಲವು ಕಾರುಗಳಲ್ಲಿ ಬೇರಿಂಗ್ ಡ್ರಮ್ ಒಳಗೇ ಕೂತಿರುತ್ತದೆ, ನಡುವಿನ ದೊಡ್ಡ ನಟ್ ಬಿಚ್ಚಬೇಕು. ನಿಮ್ಮದು ಆ ಥರ ಆಗಿದ್ದರೆ ನಿಲ್ಲಿಸಿ ನನಗೆ ಹೇಳಿ. ಆ ನಟ್ ಅಂದಾಜಿನಲ್ಲಿ ಬಿಗಿ ಮಾಡುವಂಥದ್ದಲ್ಲ, ಬಿಗಿತದ ಅಳತೆ ತೋರಿಸುವ ಟಾರ್ಕ್ ಸ್ಪ್ಯಾನರ್ ಬೇಕು.

ಒಳಗಿನ ಕಪ್ಪು ಧೂಳನ್ನು ಊದಬೇಡಿ, ಏರ್ ಹೊಡೆಯಬೇಡಿ. ಹಳೆಯ ಲೈನರ್‌ಗಳಲ್ಲಿ ಆಸ್ಬೆಸ್ಟಸ್ ಇರುತ್ತಿತ್ತು, ಇಲ್ಲದಿದ್ದರೂ ಆ ಧೂಳು ಎದೆಗೆ ಒಳ್ಳೆಯದಲ್ಲ. ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಇಲ್ಲವೇ ಬ್ರೇಕ್ ಕ್ಲೀನರ್ ಸ್ಪ್ರೇ ಬಳಸಿ. ಸೀಮೆಎಣ್ಣೆ, ಪೆಟ್ರೋಲ್ ಬೇಡವೇ ಬೇಡ. ಸಿಲಿಂಡರಿನ ರಬ್ಬರ್ ಉಬ್ಬಿ ಹಾಳಾಗುತ್ತದೆ. ನಮ್ಮಲ್ಲೂ ಹುಡುಗರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.

ಕುಡ್ಲದ_ಘಟ್ಟ

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನ ಕಾರಿಗೆ ಹಿಂದೆ ಕೂಡ ಡಿಸ್ಕ್. ಮಂಗಳೂರಿನ ಉಪ್ಪು ಗಾಳಿಗೋ ಏನೋ ನನಗೂ ಎಡಗಡೆ ಕೀಂಯ್ ಶಬ್ದ. ಇದೇ ಕ್ರಮ ಆಗುತ್ತದಾ?

ಹಳೇ_ಪಾನಾ

ಆಗುವುದಿಲ್ಲ. ಹಿಂದೆ ಡಿಸ್ಕ್ ಇದ್ದರೆ ಹ್ಯಾಂಡ್ ಬ್ರೇಕ್ ಎರಡು ಥರ ಇರಬಹುದು. ಒಂದು, ಕ್ಯಾಲಿಪರ್ (ಡಿಸ್ಕನ್ನು ಎರಡೂ ಕಡೆಯಿಂದ ಹಿಡಿಯುವ ಭಾಗ) ಮೇಲೇ ಸಣ್ಣ ಲಿವರ್ ಇದ್ದು ಕೇಬಲ್ ಅದಕ್ಕೆ ಸಿಕ್ಕಿರುತ್ತದೆ. ಹ್ಯಾಂಡ್ ಬ್ರೇಕ್ ಇಳಿಸಿದಾಗ ಆ ಲಿವರ್ ತಡೆಗೆ ತಾಗುತ್ತದಾ ಅಂತ ಚಕ್ರದ ಹಿಂದೆ ಬಗ್ಗಿ ನೋಡಿದರೆ ಕಾಣುತ್ತದೆ. ತಾಗದಿದ್ದರೆ ಕೇಬಲ್ಲೋ ಲಿವರ್ ಬುಡವೋ ಜಾಮ್. ಆ ಥರದ ಪಿಸ್ಟನನ್ನು ಮುಂದಿನ ಬ್ರೇಕಿನ ಹಾಗೆ ಸುಮ್ನೆ ಒತ್ತಿ ಒಳಗೆ ಕಳಿಸಲಾಗುವುದಿಲ್ಲ. ಬಹಳಷ್ಟರಲ್ಲಿ ತಿರುಗಿಸುತ್ತಾ ಒತ್ತಬೇಕು. ಸಿ ಕ್ಲ್ಯಾಂಪ್ ಹಾಕಿ ಒತ್ತಿ ಕ್ಯಾಲಿಪರನ್ನೇ ಕೊಂದವರಿದ್ದಾರೆ. ಎರಡನೆಯದು, ಡಿಸ್ಕಿನ ನಡುವಿನ ಟೋಪಿಯೊಳಗೆ ಸಣ್ಣ ಡ್ರಮ್, ಸಣ್ಣ ಶೂ. ಅದು ನಿಂತಾಗ ಮಾತ್ರ ಕೆಲಸ ಮಾಡುವುದರಿಂದ ಸವೆಯುವುದೇ ಇಲ್ಲ ಅನ್ನಬಹುದು. ಸವೆಯದ ಕಾರಣಕ್ಕೇ ಯಾರೂ ಬಿಚ್ಚಿ ನೋಡುವುದಿಲ್ಲ, ಒಳಗೆ ತುಕ್ಕು ಹಿಡಿದು ಲೈನರ್ ಕಬ್ಬಿಣದಿಂದ ಎದ್ದು ಬರುತ್ತದೆ.

ನಿಮ್ಮದು ಬಟನ್ ಒತ್ತುವ ಎಲೆಕ್ಟ್ರಾನಿಕ್ ಹ್ಯಾಂಡ್ ಬ್ರೇಕ್ ಆದರೆ ಮನೆಯಲ್ಲಿ ಮುಟ್ಟಬೇಡಿ. ಬಿಚ್ಚುವ ಮೊದಲು ಮೋಟರನ್ನು ಸರ್ವೀಸ್ ಮೋಡಿಗೆ ಹಾಕಬೇಕು. ಬೇರೆ ಥ್ರೆಡ್ ಹಾಕಿ, ಅಲ್ಲಿ ಮಾತಾಡೋಣ.

ಚಹಾಬ್ರೇಕ್

ಡಬ್ಲ್ಯೂಡಿ ವಿಷಯ ಗೊತ್ತಾಯ್ತು ಬಿಡಿ. ಸ್ಕೂಟರ್ ಹಿಂದಿನ ಡ್ರಮ್ ಕಿರುಗುಟ್ಟಿದರೂ ಇದೇನಾ?

ಹಳೇ_ಪಾನಾ

ಸ್ಕೂಟರಿನಲ್ಲಿ ಶೂಗಳನ್ನು ಅಗಲಿಸುವುದು ಕ್ಯಾಮ್ ಅನ್ನುವ ತಿರುಗುವ ತುಂಡು. ಕ್ಯಾಮ್ ಪಿನ್ ಒಣಗಿದರೆ ಬ್ರೇಕ್ ಹಿಡಿದದ್ದು ಬಿಡುವುದಿಲ್ಲ. ಬಿಚ್ಚಿ ಎಮೆರಿ ಕಾಗದದಲ್ಲಿ ಉಜ್ಜಿ ಪಿನ್ನಿಗೆ ಮಾತ್ರ ತೆಳ್ಳಗೆ ಗ್ರೀಸ್. ಲೈನರಿಗೆ ತಾಗಬಾರದು. ಅಷ್ಟೇ.

ತೀರ್ಥಹಳ್ಳಿ_ಕಡೆಯವ

ಬಿಚ್ಚಿದೆ ಸರ್. ನನ್ನದರಲ್ಲಿ ನಡುವಿನ ನಟ್ ಗಲಾಟೆ ಇಲ್ಲ, ಡ್ರಮ್ ಬೇರೆ ಇದೆ. ನೀವು ಹೇಳಿದ ಹಾಗೆ ಎರಡು ಬೋಲ್ಟ್ ಹಾಕಿದ ಮೇಲೆ 'ಠಣ್' ಅಂತ ಬಿಟ್ಟುಕೊಂಡಿತು.

ಕಂಡದ್ದು ಹೇಳುತ್ತೇನೆ. ಲೈನರ್ ಇನ್ನೂ ಚೆನ್ನಾಗಿದೆ, ತೆಳ್ಳಗಿರುವ ಕಡೆಯೂ 3 ಎಂ.ಎಂ. ಮೇಲೇ ಇದೆ. ಆದರೆ ಹಿಂಭಾಗದ ಶೂ ಮೇಲ್ಭಾಗದಲ್ಲಿ ಗಾಜಿನ ಹಾಗೆ ಹೊಳೆಯುತ್ತಿತ್ತು. ಡ್ರಮ್ ಒಳಗೆ ಒಂದು ಕಡೆ ಶೂ ಅಗಲಕ್ಕೆ ಸರಿಯಾಗಿ ತುಕ್ಕಿನ ಪಟ್ಟೆ. ಉಬ್ಬುಗಳ ಮೇಲೆ ಗ್ರೀಸ್ ಅನ್ನುವುದು ಹೆಸರಿಗೂ ಇಲ್ಲ, ಎರಡು ಕಡೆ ಉಗುರು ತಡೆಯಿತು.

ಮುಖ್ಯವಾದದ್ದು ಕೇಬಲ್. ಶೂ ಮೇಲಿನ ಲಿವರ್ ತಡೆಗೆ ತಾಗಿರಲಿಲ್ಲ, ನಡುವೆ ಒಂದು ನಾಣ್ಯ ತೂರಿಸುವಷ್ಟು ಸಂದು. ಪ್ಲೇಯರಿನಲ್ಲಿ ಕೇಬಲ್ ತುದಿ ಹಿಡಿದು ಲಿವರಿನಿಂದ ಬಿಡಿಸಿದೆ. ಬಿಡಿಸಿದ ಕೂಡಲೇ ಲಿವರ್ ಸಲೀಸಾಗಿ ಹೋಗಿ ತಡೆಗೆ ಕೂತಿತು. ಮಗಳನ್ನು ಮುಂದೆ ಕೂರಿಸಿ ಹ್ಯಾಂಡ್ ಬ್ರೇಕ್ ಎಳೆದು ಇಳಿಸಲು ಹೇಳಿದೆ. ಎಳೆದಾಗ ಕೇಬಲ್ ಬಂತು, ಇಳಿಸಿದಾಗ ಅಲ್ಲೇ ನಿಂತಿತು. ಕೈಯಲ್ಲಿ ಎಳೆದರೆ ಕರಕರ ಅನ್ನುತ್ತದೆ, ಒಳ್ಳೇ ಬಲ ಹಾಕಬೇಕು. ಬ್ಯಾಕ್ ಪ್ಲೇಟಿಗೆ ಸೇರುವ ಕಡೆ ಇರುವ ರಬ್ಬರ್ ಟೋಪಿ ಒಡೆದು ಸೀಳಿದೆ. ಕೇಬಲ್ ಬಗ್ಗಿಸಿದರೆ ಅದರಿಂದ ಕೆಂಪು ನೀರು ತೊಟ್ಟಿಕ್ಕಿತು!

ಸಿಲಿಂಡರಿನ ರಬ್ಬರ್ ಅಂಚು ಎತ್ತಿ ನೋಡಿದೆ, ಒಳಗೆ ಒಣ. ಕೇಬಲ್ಲಿಗೆ ಎಣ್ಣೆ ಬಿಟ್ಟು ನೋಡಲಾ, ಹೊಸದೇ ಹಾಕಲಾ? ಡ್ರಮ್ಮಿಗೆ ಟರ್ನಿಂಗ್ (ಲೇತಿನಲ್ಲಿ ಒಳಮೈ ಕೆತ್ತಿ ಸಮ ಮಾಡುವುದು) ಕೊಡಿಸಬೇಕಾ?

ಹಳೇ_ಪಾನಾ

ಆ ಕೆಂಪು ನೀರಿನಲ್ಲೇ ಉತ್ತರ ಇದೆ. ಕೇಬಲ್ ಹೊಸದೇ ಹಾಕಿ. ಎಣ್ಣೆ ಬಿಟ್ಟರೆ ಸ್ವಲ್ಪ ದಿನ ಜಾರುತ್ತದೆ. ಒಳಗಿನ ತಂತಿಯ ಎಳೆಗಳು ತುಕ್ಕಿಗೆ ಉಬ್ಬಿರುತ್ತವೆ, ಮುಂದಿನ ಮಳೆಗೆ ಮತ್ತೆ ಇದೇ ಹಾಡು. ಬಿಟ್ಟ ಎಣ್ಣೆ ಕೇಬಲ್ ಗುಂಟ ಇಳಿದು ಲೈನರ್ ಸೇರುವ ಭಯವೂ ಇದೆ. ಬಲ ಕೇಬಲ್ಲಿಗೂ ಅಷ್ಟೇ ವಯಸ್ಸು. ಅದರ ರಬ್ಬರ್ ಟೋಪಿ ನೋಡಿ, ಒಡೆದಿದ್ದರೆ ಎರಡನ್ನೂ ಹಾಕಿ. ಚೆನ್ನಾಗಿದ್ದರೆ ಸುಮ್ನೆ ದುಡ್ಡು ದಂಡ ಮಾಡಬೇಡಿ.

ಶೂ ಬದಲಾಯಿಸುವ ಅಗತ್ಯ ಇಲ್ಲ. ಸುಮಾರು ಕಾರುಗಳಲ್ಲಿ ಕಡಿಮೆ ಅಂದರೆ 1 ಎಂ.ಎಂ. ಲೈನರ್ ಇರಬೇಕು ಅನ್ನುತ್ತಾರೆ. ನಾನು 2ಕ್ಕೆ ಬಂದರೆ ಬದಲಾಯಿಸುತ್ತೇನೆ, ನಿಮ್ಮದು ಅದಕ್ಕಿಂತ ಮೇಲಿದೆ. ಹೊಳೆಯುವ ಜಾಗವನ್ನು ಒರಟು ಎಮೆರಿಯಲ್ಲಿ ಹೊಳಪು ಹೋಗುವ ತನಕ ಉಜ್ಜಿ, ನೀರು ಚಿಮುಕಿಸಿಕೊಂಡು. ಡ್ರಮ್ಮಿನ ತುಕ್ಕಿನ ಪಟ್ಟೆಯೂ ಎಮೆರಿಗೆ ಹೋಗುತ್ತದೆ. ನಿಮ್ಮ ಬೆಳಗಿನ 'ಟಕ್' ಅಲ್ಲಿಂದಲೇ ಬರುತ್ತಿದ್ದುದು. ರಾತ್ರಿಯೆಲ್ಲಾ ಒದ್ದೆ ಲೈನರ್ ಡ್ರಮ್ಮಿಗೆ ಅಂಟಿ ತುಕ್ಕು ಹಿಡಿದು, ಬೆಳಿಗ್ಗೆ ಕಿತ್ತುಕೊಂಡು ಬರುತ್ತದೆ. ಟರ್ನಿಂಗ್ ಬೇಕಾಗುವುದು ಆಳ ಗೆರೆ ಬಿದ್ದಿದ್ದರೆ, ಅಥವಾ ಬ್ರೇಕ್ ಹಾಕಿದಾಗ ಪೆಡಲ್ ಕಾಲಿಗೆ ಮಿಡಿದರೆ. ಆಗಲೂ ಡ್ರಮ್ ಮೇಲೆ ಅಚ್ಚು ಹಾಕಿರುವ ಗರಿಷ್ಠ ವ್ಯಾಸದ ಅಂಕಿ ದಾಟಬಾರದು.

ಉಬ್ಬುಗಳ ಗೀರು ತೆಳ್ಳಗಿದ್ದರೆ ಅರದಲ್ಲಿ ಸವರಿ ಸಮ ಮಾಡಿ. ಅಗೆದಿದ್ದರೆ ಪ್ಲೇಟ್ ಬದಲು. ಗ್ರೀಸ್ ಬ್ರೇಕಿಗೇ ಅಂತ ಸಿಗುವ, ಬಿಸಿ ತಡೆಯುವ ಗ್ರೀಸ್ ಆಗಬೇಕು. ಚಾಸಿಸ್ ಗ್ರೀಸ್ ಕರಗಿ ಹರಿಯುತ್ತದೆ. ಆರೂ ಉಬ್ಬಿಗೆ ಬೆರಳಲ್ಲಿ ಒಂದು ಪದರ ಸವರಿ, ಲಿವರಿನ ಪಿನ್ನಿಗೂ ಅಡ್ಜಸ್ಟರ್ ಮರೆಗೂ ಅದನ್ನೇ. ಜಾಸ್ತಿ ಆದದ್ದನ್ನು ಒರೆಸಿಬಿಡಿ. ಸ್ಪ್ರಿಂಗುಗಳನ್ನು ನೋಡಿ, ಸುರುಳಿ ಸುರುಳಿ ನಡುವೆ ಬೆಳಕು ಕಂಡರೆ ಹಿಗ್ಗಿದೆ ಅಂತ ಅರ್ಥ, ಹೊಸದು ಹಾಕಿ. ಬಿಸಿಗೆ ಬಣ್ಣ ಹೋಗಿ ನೀಲಿಯಾಗಿದ್ದರೂ ಅಷ್ಟೇ.

ಜೋಡಿಸುವ ಕ್ರಮ ಮುಖ್ಯ. ಹೊಸ ಕೇಬಲ್ ಸಿಕ್ಕಿಸಿ, ಆದರೆ ಕಾರಿನ ಒಳಗಿನ ಕೇಬಲ್ ನಟ್ ಇನ್ನೂ ಸಡಿಲವೇ ಇರಲಿ. ಅಡ್ಜಸ್ಟರ್ ತಿರುಗಿಸಿ ಡ್ರಮ್ ಸಣ್ಣಗೆ ಸವರಿಕೊಂಡು ಕೂರುವ ಹಾಗೆ ಮಾಡಿ. ಡ್ರಮ್ ಹಾಕಿದ ಮೇಲೆ ಪೆಡಲ್ ಹಲವು ಸಲ ಒತ್ತಿ, ಶೂಗಳು ತಮ್ಮ ಜಾಗಕ್ಕೆ ಬರುತ್ತವೆ. ಪೆಡಲ್ ಮೇಲಕ್ಕೇ ಗಟ್ಟಿ ಸಿಗಬೇಕು. ಇಷ್ಟಾದ ಮೇಲೆ ಕೇಬಲ್ ನಟ್. ಎಷ್ಟು ಕಟಕಟ ಅಂತ ನಿಮ್ಮ ಕಾರಿನ ಪುಸ್ತಕದಲ್ಲಿದೆ, ಅದೇ ಲೆಕ್ಕ. ಹ್ಯಾಂಡ್ ಬ್ರೇಕ್ ಪೂರ್ತಿ ಇಳಿಸಿದಾಗ ಎರಡೂ ಚಕ್ರ ಸಲೀಸಾಗಿ ತಿರುಗಬೇಕು, ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರಬೇಕು.

ಆ ಎಸ್ಟಿಮೇಟ್ ಬಗ್ಗೆ ನಾನೇನೂ ಹೇಳುವುದಿಲ್ಲ. ಚಕ್ರ ಬಿಚ್ಚದೆ ಬರೆದ ಪಟ್ಟಿ ಅಂದರೆ ನಿಮಗೇ ಗೊತ್ತಾಗುತ್ತದೆ.

ತೀರ್ಥಹಳ್ಳಿ_ಕಡೆಯವ

ಆಯ್ತು ಸರ್! ಬಲ ಕೇಬಲ್ ಟೋಪಿಯಲ್ಲೂ ಬಿರುಕು ಇತ್ತು, ಎರಡನ್ನೂ ಹಾಕಿದೆ. ಕೇಬಲ್ ಕಾರಿನ ಅಡಿಯಲ್ಲಿ ಹಾದು ಹೋಗುವ ಕ್ಲಿಪ್ಪುಗಳನ್ನು ಬಿಡಿಸುವುದರಲ್ಲೇ ಹೆಚ್ಚು ಹೊತ್ತು ಹೋಯ್ತು, ಕೆಸರು ಕಲ್ಲಾಗಿತ್ತು. ಉಳಿದದ್ದು ನೀವು ಹೇಳಿದ ಹಾಗೇ. ಕೀಂಯ್ ಇಲ್ಲ, ಕಿರ್ರ್ ಇಲ್ಲ. ಎರಡೂ ಚಕ್ರದ ಬಿಸಿ ಒಂದೇ. ಹ್ಯಾಂಡ್ ಬ್ರೇಕ್ ಆರನೇ ಕಟಕ್ಕೆ ನಿಲ್ಲುತ್ತದೆ, ಪುಸ್ತಕದಲ್ಲಿ ಹೇಳಿದ್ದರ ಒಳಗೇ ಇದೆ.

ಒಂದು ಅನುಮಾನ ಉಳಿದಿದೆ. ಕೆಟ್ಟ ರಸ್ತೆಯಲ್ಲಿ ಮಾತ್ರ ಅದೇ ಕಡೆಯಿಂದ ಆಗಾಗ ಸಣ್ಣ ಟಿಣ್ ಟಿಣ್ ಕೇಳುತ್ತದೆ. ಬ್ರೇಕ್ ಒತ್ತಿದರೂ ಬದಲಾಗುವುದಿಲ್ಲ. ಮತ್ತೆ ನಮ್ಮ ಅಂಗಳಕ್ಕೆ ಮಳೆಗಾಲದಲ್ಲಿ ಏನು ಮಾಡಲಿ? ಹ್ಯಾಂಡ್ ಬ್ರೇಕ್ ಎಳೆಯದೆ ಆಗುವುದಿಲ್ಲ.

ಹಳೇ_ಪಾನಾ

ಟಿಣ್ ಟಿಣ್ ಬಹುಶಃ ಹೊಸ ಕೇಬಲ್ಲಿನದು. ಕಾರಿನಡಿ ಒಂದು ಕ್ಲಿಪ್ ಸರಿಯಾಗಿ ಕೂತಿರುವುದಿಲ್ಲ, ಕೇಬಲ್ ಹೊಡೆದುಕೊಳ್ಳುತ್ತಿರುತ್ತದೆ. ಕೈಯಲ್ಲಿ ಅಲ್ಲಾಡಿಸಿ ನೋಡಿ. ಸೈಲೆನ್ಸರಿಗೆ ತಾಗದ ಹಾಗೆ ಇರಲಿ, ತಾಗಿದರೆ ಕೇಬಲ್ಲಿನ ಕೊಳವೆ ಕರಗುತ್ತದೆ. ಹಾಗೇ ಚಕ್ರದ ನಟ್ಟುಗಳನ್ನು 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿಕೊಳ್ಳಿ.

ಇಳಿಜಾರಿನಲ್ಲಿ ಹೀಗೆ ಮಾಡಿ. ಕಾಲಿನ ಬ್ರೇಕ್ ಒತ್ತಿಕೊಂಡೇ ಇಳಿಜಾರಿನ ಕಡೆ ಚಕ್ರಕ್ಕೆ ಯಾರಾದರೂ ಕಲ್ಲು ಕೊಡಲಿ, ಒಬ್ಬರೇ ಇದ್ದರೆ ಹ್ಯಾಂಡ್ ಬ್ರೇಕ್ ಎಳೆದು ಗೇರಿಗೆ ಹಾಕಿ ಇಳಿದು ಕೊಡಿ. ಆಮೇಲೆ ನಿಧಾನಕ್ಕೆ ಬ್ರೇಕ್ ಬಿಟ್ಟು ಗಾಡಿಯ ಭಾರ ಕಲ್ಲಿಗೆ ಬರಲಿ. ಏರು ಮುಖ ಇದ್ದರೆ ಒಂದನೇ ಗೇರು, ಇಳಿ ಮುಖ ಇದ್ದರೆ ರಿವರ್ಸ್. ಭಾರ ಕಲ್ಲು, ಗೇರು ಎರಡರ ಮೇಲೂ ಕೂತು ಗಾಡಿ ಅಲ್ಲಾಡುವುದಿಲ್ಲ ಅಂತ ಖಾತ್ರಿಯಾದರೆ ಹ್ಯಾಂಡ್ ಬ್ರೇಕ್ ಒಂದೆರಡು ಕಟ ಇದ್ದರೂ ಸಾಕು, ಬಲವಾಗಿ ಎಳೆದು ರಾತ್ರಿಯೆಲ್ಲಾ ಬಿಡಬೇಕಾಗಿಲ್ಲ. ಖಾತ್ರಿ ಇಲ್ಲದಿದ್ದರೆ ಎಳೆದೇ ಇಡಿ. ಡ್ರಮ್ ಅಂಟಿದರೆ ಬಿಡಿಸಬಹುದು, ಗಾಡಿ ತೋಟಕ್ಕೆ ಇಳಿದರೆ ಕ್ರೇನ್ ಬೇಕು. ನೀರಿನಲ್ಲಿ ಹಾದು ಬಂದ ದಿನ ಮನೆ ತಲುಪುವ ಮೊದಲು ಪೆಡಲ್ ಸಣ್ಣಗೆ ಒತ್ತಿಕೊಂಡು ಸ್ವಲ್ಪ ದೂರ ಓಡಿಸಿ ಡ್ರಮ್ ಒಣಗಿಸಿ. ನಾಲ್ಕಾರು ದಿನ ಗಾಡಿ ತೆಗೆಯುವುದಿಲ್ಲ ಅಂದರೆ ಸಮತಟ್ಟಾದ ಕಡೆ ನಿಲ್ಲಿಸಿ, ಗೇರು, ಕಲ್ಲು, ಹ್ಯಾಂಡ್ ಬ್ರೇಕ್ ಪೂರ್ತಿ ಕೆಳಗೆ.

ಉಡುಪಿಗೆ ಹೋಗಿ ಬನ್ನಿ. ಘಟ್ಟ ಇಳಿಯುವಾಗ ಎರಡನೇ ಗೇರಿನಲ್ಲೇ ಇಳಿಯಿರಿ, ಬ್ರೇಕಿಗೆ ಕೆಲಸ ಕಡಿಮೆ ಕೊಡಿ. ಘಟ್ಟದ ಬುಡದ ಸೋಮೇಶ್ವರದಲ್ಲಿ ನಿಂತಾಗ ಒಮ್ಮೆ ಹಿಂದಿನ ಎರಡೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ.

ತೀರ್ಥಹಳ್ಳಿ_ಕಡೆಯವ

ಕ್ಲಿಪ್ಪೇ ಸರ್. ಎಡಗಡೆ ಟ್ಯಾಂಕ್ ಹತ್ತಿರದ್ದು ಕೂತಿರಲಿಲ್ಲ, ಒತ್ತಿ ಕೂರಿಸಿದೆ. ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ದು ಅಂತ ಸರ್ವೀಸ್ ಪುಸ್ತಕದಲ್ಲಿ ಎಲ್ಲೂ ಇಲ್ಲ. ಹೋಗುವ ಮೊದಲೇ ಅದನ್ನೂ ಮಾಡಿಸುತ್ತೇನೆ.

ಹಳೇ_ಪಾನಾ

ಮಾಡಿಸಿ. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಆಯಿಲಿನ ದರ್ಜೆ ಡಾಟ್ 3 ಅಂತ ಇದೆಯಾ, ಡಾಟ್ 4 ಅಂತ ಇದೆಯಾ ನೋಡಿಕೊಂಡು ಅದನ್ನೇ ಹಾಕಿಸಿ. ಸೀಲ್ ಒಡೆಯದ ಹೊಸ ಬಾಟಲಿ ನಿಮ್ಮೆದುರೇ ತೆಗೆಯಲಿ.